ಧ್ಯಾನಕ್ಕೆ ಕೂತಾಗ ರಾಗ ಬರುತ್ತೆ: ಹಿಡೀಬೇಕೋ, ಬಿಡಬೇಕೋ?

ಶ್ರುತಿಪೆಟ್ಟಿಗೆ:

ಕರ್ನಾಟಕ ಸಂಗೀತ, ಗಾಯನ. ಬೆಳಗ್ಗೆ 30 ನಿಮಿಷ ಆನಾಪಾನ (ಉಸಿರು ನೋಡೋ ಧ್ಯಾನ), ಅದಾದ ಮೇಲೆ ಒಂದು ಗಂಟೆ ಹಾಡಿನ ಅಭ್ಯಾಸ. ಕೇಳಬೇಕಾದ್ದು ಮೂರು.

ಒಂದು, ಉಸಿರು ಗಮನಿಸ್ತಾ ಕೂತರೆ ಹತ್ತು ನಿಮಿಷದೊಳಗೆ ಮನಸ್ಸಲ್ಲಿ ಆಲಾಪನೆ (ಸಾಹಿತ್ಯ, ತಾಳ ಇಲ್ಲದೆ ರಾಗ ಬಿಡಿಸೋದು) ಶುರು. ಕೆಲವು ಸಲ ನಿಜಕ್ಕೂ ಚೆನ್ನಾಗಿರೋ ಸಂಚಾರ (ರಾಗದ ಸ್ವರಗಳ ಓಟ) ಬರುತ್ತೆ. ಧ್ಯಾನದ ನಿಯಮ ಬಿಡು ಅನ್ನುತ್ತೆ, ಆಸೆ ಮೊಬೈಲ್ ತಗೊಂಡು ರೆಕಾರ್ಡ್ ಮಾಡು ಅನ್ನುತ್ತೆ. ಎರಡು, ಬಾಯಿಬಿಟ್ಟು ಹಾಡೋಕೆ ಕೂತಾಗ ಮಾತ್ರ ಅದೇ ಐದಾರು ಸಂಗತಿ (ಸ್ವರಗಳ ತುಣುಕು) ತಿರುತಿರುಗಿ ಬರುತ್ತೆ. ಇದೂ ಅಂಟಿಕೊಳ್ಳೋದೇ ಅಲ್ವಾ? ಮೂರು, ಕಲ್ಪನಾಸ್ವರದಲ್ಲಿ (ಆ ಕ್ಷಣಕ್ಕೆ ಹೊಳೆದಂತೆ ಸ್ವರ ಹಾಡೋದು) ಎರಡು ಆವರ್ತ (ತಾಳದ ಸುತ್ತು) ಮುಂಚೆಯೇ ತಲೆ ಕೋರ್ವೈ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯ) ಲೆಕ್ಕಕ್ಕೆ ಓಡುತ್ತೆ. ಈಗ ಹಾಡ್ತಿರೋ ಸ್ವರ ಕಿವಿಗೇ ಬೀಳಲ್ಲ.

"ಫಲಾಪೇಕ್ಷೆ ಇಲ್ಲದೆ ಹಾಡಿ" ಅನ್ನೋ ಉತ್ತರ ಬೇಡ. ಏನು ಮಾಡಬೇಕು, ಎಷ್ಟು ಹೊತ್ತು, ಎಲ್ಲಿ ಕೆಡುತ್ತೆ, ಅದನ್ನ ಹೇಳಿ.

ಮಂದ್ರಪಂಚಮ:

ಮೊದಲನೆಯದಕ್ಕೆ ಮಾತ್ರ ಹೇಳುತ್ತೇನೆ.

ಮನಸ್ಸಿನಲ್ಲಿ ರಾಗ ಓಡುವಾಗ ಓಡುವುದು ಮನಸ್ಸೊಂದೇ ಅಲ್ಲ. ಗಂಟಲಿನ ಸ್ನಾಯುಗಳು ಸಣ್ಣಗೆ ಅಲುಗುತ್ತವೆ, ನಾಲಗೆಯ ಬುಡ ಬಿಗಿಯುತ್ತದೆ, ಉಸಿರು ಸಂಚಾರಗಳ ಉದ್ದಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಮೃದಂಗದವರಿಗೆ ಇದೇ ಬೆರಳ ತುದಿಯಲ್ಲಿ ಆಗುತ್ತದೆ. ಹಾಗಾಗಿ ರಾಗವನ್ನು ಓಡಿಸಲು ಹೋಗಬೇಡಿ, ಅದರ ಜಾಗ ಹುಡುಕಿ. ದವಡೆ ಸಡಿಲ ಬಿಡಿ. ನಾಲಗೆ ಅಂಗುಳಿಗೆ ಒತ್ತಿದ್ದರೆ ಕೆಳಗಿಳಿಸಿ. ಹೊರಹೋಗುವ ಉಸಿರು ಅದರಷ್ಟಕ್ಕೆ ಮುಗಿಯುವ ತನಕ ಕಾಯಿರಿ. ನಾಲ್ಕೈದು ಉಸಿರಲ್ಲಿ ಸಂಚಾರ ಅರ್ಧಕ್ಕೇ ನಿಲ್ಲುತ್ತದೆ. ಅರ್ಧಕ್ಕೆ ನಿಂತಾಗ ಅದನ್ನು ಷಡ್ಜಕ್ಕೆ ತಂದು ಮುಗಿಸಬೇಕು ಅಂತ ಒಂದು ತುರಿಕೆ ಏಳುತ್ತದೆ. ಗಮನಿಸಬೇಕಾದ ಅಂಟು ಆ ತುರಿಕೆಯೇ. ರಾಗ ಬಂದದ್ದರಲ್ಲಿ ತಪ್ಪೇನೂ ಇಲ್ಲ.

ಕೆಡುವ ಜಾಗಗಳು: ಧ್ಯಾನಕ್ಕೆ ಹಿನ್ನೆಲೆಯಾಗಿ ತಂಬೂರಿ ಹಾಕಿಕೊಳ್ಳುವುದು. ಸಂಗೀತ ಗೊತ್ತಿಲ್ಲದವರಿಗೆ ಅದು ಬರೀ ನಾದ, ಕಲಿತವರಿಗೆ ಅದು ಆಹ್ವಾನ. ಮೌನದಲ್ಲಿ ಕೂರಿ. ಇನ್ನೊಂದು, ರಾಗ ಬಂತಲ್ಲ ಎಂದು ಬೈದುಕೊಂಡು ಉಸಿರನ್ನು ಬಲವಂತವಾಗಿ ಹಿಡಿಯುವುದು. ಅಂಗುತ್ತರ ನಿಕಾಯ ಎಂಬ ಬೌದ್ಧ ಗ್ರಂಥದಲ್ಲಿ ಸೋಣ ಎಂಬ ಭಿಕ್ಷು ಬರುತ್ತಾನೆ, ಸನ್ಯಾಸಕ್ಕೆ ಮುಂಚೆ ವೀಣೆ ನುಡಿಸುತ್ತಿದ್ದವನು. ಅತಿ ಪ್ರಯತ್ನದಿಂದ ಸೋತವನಿಗೆ ಬುದ್ಧ ಕೇಳುವುದು ತಂತಿಯ ಬಗ್ಗೆಯೇ: ತೀರಾ ಬಿಗಿದರೆ ನುಡಿಯುತ್ತಿತ್ತೆ, ತೀರಾ ಸಡಿಲಿಸಿದರೆ ನುಡಿಯುತ್ತಿತ್ತೆ?

ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪಕ್ಕದಲ್ಲಿದ್ದರೆ ಕೂತದ್ದು ಧ್ಯಾನಕ್ಕಲ್ಲ, ಬೇಟೆಗೆ. ವಿಪಶ್ಯನದ 10 ದಿನಗಳ ಶಿಬಿರದಲ್ಲಿ ಹಾಡು, ವಾದ್ಯ, ಬರವಣಿಗೆ ಯಾವುದಕ್ಕೂ ಅವಕಾಶ ಇರುವುದಿಲ್ಲ. ಗಾಯಕರಿಗೆ ಇದು ಕ್ರೌರ್ಯ ಅನಿಸಬಹುದು, ಆದರೆ ಕಾರಣ ಸರಳ: ಹಿಡಿದಿಡಲು ಸಾಧನವೇ ಇಲ್ಲದಿದ್ದರೆ ಬಂದದ್ದು ಹೋಗುವುದನ್ನು ನೋಡಲೇಬೇಕಾಗುತ್ತದೆ.

ನೋಟೇಶನ್ ಪುಸ್ತಕ:

ಮೊಬೈಲ್ ವಿಷಯದಲ್ಲಿ ಪೂರ್ತಿ ಒಪ್ಪಲ್ಲ. ಹಾಡುವವರಿಗೆ ಸರಿ. ಆದರೆ ಕೃತಿ, ತಿಲ್ಲಾನ, ನೃತ್ಯಕ್ಕೆ ಸಂಗೀತ ಕಟ್ಟೋರಿಗೆ ಎಳೆ ಸಿಕ್ಕಿದಾಗ ಬರೆದಿಟ್ಟುಬಿಡೋದೇ ಬಿಡುಗಡೆ. ಬರೀದೇ ಇದ್ದರೆ ಮರೆತುಹೋಗುತ್ತೇನೋ ಅಂತ ಮನಸ್ಸು ಅದನ್ನೇ ಇಡೀ ದಿನ ಜಗಿಯುತ್ತೆ. ಧ್ಯಾನದ ಗಂಟೆ ಹೊಡೀಲಿ, ಎದ್ದು ಒಂದು ಲೋಟ ನೀರು ಕುಡೀರಿ, ಆಮೇಲೂ ನೆನಪಿದ್ದರೆ ಸ್ವರ, ತಾಳ, ಎಡುಪು (ತಾಳದಲ್ಲಿ ಹಾಡು ಎತ್ತೋ ಜಾಗ) ಮೂರನ್ನೂ ಕಾಗದದ ಮೇಲೆ ಬರೆದು ಮುಚ್ಚಿಡಿ. ಎರಡು ಸಾಲು ಸಾಕು.

ಬರೆಯೋದರಲ್ಲಿ ಇನ್ನೊಂದು ಲಾಭ ಇದೆ. ತೂಕಡಿಕೆಯ ಅಂಚಲ್ಲಿ ಎಲ್ಲವೂ ಅಪೂರ್ವ ಅನಿಸುತ್ತೆ. ಸ್ವರ ಹಾಕಿ ನೋಡಿದಾಗ ಬಹುಪಾಲು ಸಲ ಅದು ಎಂದೋ ಪಾಠವಾದ ವರ್ಣದ ಚಿಟ್ಟೆಸ್ವರ (ಮೊದಲೇ ಕಟ್ಟಿಟ್ಟ ಸ್ವರದ ಸಾಲು), ಬೇರೆ ರಾಗದ ವೇಷದಲ್ಲಿ! ವಾರ ಬಿಟ್ಟು ತೆಗೆದು ಹಾಡಿ. ಆಗಲೂ ಉಸಿರಾಡುತ್ತಿದ್ದರೆ ಇಟ್ಟುಕೊಳ್ಳಿ.

ತಂತಿಜೀವ:

ಎರಡನೇ ಪ್ರಶ್ನೆಗೆ ಬರೋಣ, ಅಲ್ಲೇ ನಿಜವಾದ ಕೆಲಸ ಇರುವುದು.

ಪತಂಜಲಿ ಯೋಗಸೂತ್ರ 1.12ರಲ್ಲಿ ಅಭ್ಯಾಸ, ವೈರಾಗ್ಯ ಎರಡನ್ನೂ ಒಂದೇ ಸಮಾಸದಲ್ಲಿ ಕಟ್ಟಿದ್ದಾನೆ. ಸಂಗೀತದಲ್ಲಿ ಇದರ ಅರ್ಥ ತುಂಬ ಒರಟು: ಕೈಯಲ್ಲಿ ಇಲ್ಲದ್ದನ್ನು ಬಿಡಲಾಗದು. ಐದಾರು ಸಂಗತಿಯೇ ಬರುತ್ತದೆ ಎಂದರೆ ಅರ್ಧ ಅಂಟು, ಇನ್ನರ್ಧ ಬಡತನ. ಎರಡಕ್ಕೂ ಮದ್ದು ಬೇರೆ.

ಮೊದಲು ಷಡ್ಜ. ತಂಬೂರಿ ನಿಧಾನಕ್ಕೆ ಮೀಟಲಿ, ನಾಲ್ಕು ತಂತಿಯ ಒಂದು ಸುತ್ತಿಗೆ 4ರಿಂದ 5 ಸೆಕೆಂಡ್. ಒಂದುಸಿರಿಗೆ ಮೂರು ಸುತ್ತು ಅಕಾರದಲ್ಲಿ ಮಧ್ಯ ಷಡ್ಜ ನಿಲ್ಲಿಸಿ, ಮುಂದಿನ ಒಂದು ಸುತ್ತು ಸುಮ್ಮನೆ ಕೇಳಿ. ಹೀಗೆ 10 ನಿಮಿಷ. ಉಸಿರಿನ ಕೊನೆಯಲ್ಲಿ ಸ್ವರ ಕೆಳಗೆ ಜಾರಿದರೆ ಅದು ಉದ್ದದ ಆಸೆ. ಇನ್ನೂ ಉಸಿರಿರುವಾಗಲೇ ನಿಲ್ಲಿಸಿ. ಶುರುವಿನಲ್ಲಿ "ಹ" ಸೇರಿ "ಹಾ" ಆಗುತ್ತಿದ್ದರೆ ಗಾಳಿ ಮೊದಲು, ಸ್ವರ ಆಮೇಲೆ ಬರುತ್ತಿದೆ. ತಂತಿಯ ದನಿಯೊಳಗಿಂದಲೇ ಎದ್ದ ಹಾಗೆ ಮೆಲ್ಲಗೆ ಶುರು ಮಾಡಿ.

ಆಮೇಲೆ ಬಿಡುವ ಅಭ್ಯಾಸ. ರಾಗ ಮೋಹನ, ಟೈಮರ್ 12 ನಿಮಿಷ. ಮೊದಲ 4 ನಿಮಿಷ ಸ, ರಿ, ಗ ಮೂರೇ ಸ್ವರ (ಮಂದ್ರ ದ ಬೇಕಾದರೆ ಸೇರಿಸಿ), ನ್ಯಾಸ (ನಿಲುಗಡೆ) ಗಾಂಧಾರದಲ್ಲಿ. ಮುಂದಿನ 4 ನಿಮಿಷ ಪಂಚಮದ ಸುತ್ತ. ಕೊನೆಯ 4 ನಿಮಿಷ ತಾರ ಷಡ್ಜಕ್ಕೆ ಹೋಗಿ ಇಳಿಯುವುದು. ನಿಯಮ ಎರಡೇ. ಹಾಡಿದ್ದನ್ನು ತಕ್ಷಣ ಮತ್ತೆ ಹಾಡುವಂತಿಲ್ಲ. ಪ್ರತಿ ಸಂಚಾರದ ನಂತರ ತಂಬೂರಿಯ ಒಂದು ಪೂರ್ತಿ ಸುತ್ತು ಮೌನ. ಆ ಮೌನವೇ ಕಷ್ಟ, ಏಕೆಂದರೆ ಹಿಂದಿನದು ಚೆನ್ನಾಗಿದ್ದರೆ ಅದನ್ನೇ ಇನ್ನಷ್ಟು ಹಿಗ್ಗಿಸುವ ಆಸೆ ಅಲ್ಲೇ ಕಾದು ಕೂತಿರುತ್ತದೆ. ಕೆಟ್ಟಿದ್ದರೆ ಸರಿಪಡಿಸುವ ಆಸೆ. ಎರಡಕ್ಕೂ ಒಂದೇ ಚಿಕಿತ್ಸೆ, ಗಾಂಧಾರವನ್ನು ಹೊಸದಾಗಿ ಕೇಳುವುದು.

ರೆಕಾರ್ಡ್ ಮಾಡಿ, ಆದರೆ ಅದೇ ದಿನ ಕೇಳಬೇಡಿ. ಅದೇ ದಿನ ಕೇಳಿದರೆ ಹೊಗಳಿಕೊಳ್ಳುತ್ತೀರಿ ಅಥವಾ ಬೈದುಕೊಳ್ಳುತ್ತೀರಿ, ಕೇಳಿಸಿಕೊಳ್ಳುವುದಿಲ್ಲ. ವಾರದ ನಂತರ ಕೇಳಿ, ಯಾವ ಸಂಗತಿ ಎಷ್ಟು ಸಲ ಬಂತು ಎಂದು ಕಾಗದದ ಮೇಲೆ ಗೆರೆ ಹಾಕಿ. ಗ ಪ ದ ಸ ಎಂದು ಒಂದೇ ಏಟಿಗೆ ತಾರಕ್ಕೆ ಏರುವ ಸಂಗತಿ 12 ನಿಮಿಷದಲ್ಲಿ ಒಂಬತ್ತು ಸಲ ಬಂದಿದ್ದರೆ ಅದಕ್ಕೆ ಒಂದು ವಾರ ಉಪವಾಸ. ತಾರಕ್ಕೆ ಹೋಗಲು ಬೇರೆ ದಾರಿ ಹುಡುಕಲೇಬೇಕಾಗುತ್ತದೆ: ಪಂಚಮದಲ್ಲಿ ನಿಂತು, ಧೈವತವನ್ನು ಮುಟ್ಟಿ ಬಿಟ್ಟು, ಮತ್ತೆ ರಿಷಭಕ್ಕೆ ಇಳಿದು. ವಾರದ ನಂತರ ಹಳೆಯದನ್ನು ವಾಪಸು ಕರೆಯಿರಿ. ಉಪವಾಸ ಮುಗಿದ ಮೇಲೆ ಊಟ ಮಾಡಬಾರದು ಎಂದು ಯಾರೂ ಹೇಳಿಲ್ಲ.

ಬಡತನಕ್ಕೆ ಮದ್ದು ಕೃತಿ. ಅದೇ ರಾಗದಲ್ಲಿ ಇನ್ನೂ ಎರಡು ಕೃತಿ, ಒಂದು ವರ್ಣ ಪಾಠ ಮಾಡಿ. ಧ್ಯಾನ ಎಷ್ಟು ಮಾಡಿದರೂ ಪಾಠಾಂತರ (ಕಲಿತ ಕೃತಿಗಳ ಸಂಗ್ರಹ) ಹೆಚ್ಚುವುದಿಲ್ಲ.

ಶ್ರುತಿಪೆಟ್ಟಿಗೆ:

ಇದು ಬೇಕಿತ್ತು. ಎರಡು ಉಪಪ್ರಶ್ನೆ. ಸಹಾನ, ಬೇಗಡೆ ರಾಗಗಳಿಗೂ ಇದೇ ಉಪವಾಸ ನಡೆಯುತ್ತಾ? ಮತ್ತೆ ಆ್ಯಪ್ ತಂಬೂರಿ ಸಾಕಾ, ಮರದ್ದೇ ಬೇಕಾ?

ಮಂದ್ರಪಂಚಮ:

ಸಹಾನಕ್ಕೆ ನಡೆಯುವುದಿಲ್ಲ. ಅವರೋಹಣದ ಪ ಮ ಗ ಮ ರಿ ಗ ರಿ ಸ ಎಂಬ ವಕ್ರ ಸಂಚಾರ ಬಿಟ್ಟರೆ ಉಳಿಯುವುದು ಸ್ವರಗಳ ಮೂಟೆ, ಸಹಾನವಲ್ಲ. ಬೇಗಡೆ, ಆನಂದಭೈರವಿ ಎಲ್ಲ ಹೀಗೇ. ರಾಗವೇ ಸಂಚಾರದಲ್ಲಿ ವಾಸ ಮಾಡುವ ಕಡೆ ಅದನ್ನು ತೆಗೆದುಹಾಕುವುದು ವೈರಾಗ್ಯ ಅಲ್ಲ, ಮನೆ ಕೆಡವುವುದು. ಅಲ್ಲಿ ಬಿಡಬೇಕಾದದ್ದು ಬೇರೆ: ಆ ಸಂಚಾರವನ್ನು ಪ್ರತಿ ಸಲ ಅದೇ ಉದ್ದ, ಅದೇ ಒತ್ತು, ಅದೇ ಕಾಲದಲ್ಲಿ ಹಾಡುವ ಚಟ. ಒಂದೇ ಸಂಚಾರವನ್ನು ರಿಷಭದಲ್ಲಿ ನಿಂತು, ಗಾಂಧಾರದ ಮೇಲೆ ಕಾದು, ನಿಲ್ಲದೆ ಜಾರಿ, ಹೀಗೆ ಐದು ಬಗೆಯಲ್ಲಿ ಹಾಡಿ. ಉಪವಾಸದ ಆಟಕ್ಕೆ ಮೋಹನ, ಕಲ್ಯಾಣಿ, ಷಣ್ಮುಖಪ್ರಿಯ ಒಳ್ಳೆಯವು.

ತಂಬೂರಿ ಬಗ್ಗೆ ತಂತಿಜೀವರೇ ಹೇಳಲಿ, ಹೆಸರಿಗಾದರೂ.

ತಂತಿಜೀವ:

ಹೆಸರು ಇಟ್ಟುಕೊಂಡ ತಪ್ಪಿಗೆ ಹೇಳುತ್ತೇನೆ :)

ದಿನನಿತ್ಯಕ್ಕೆ ಆ್ಯಪ್ ಸಾಕು, ಸ್ಪೀಕರ್ ಮೊಬೈಲಿನದ್ದಾಗಿರಬಾರದು. ಅದರಲ್ಲಿ ಮಂದ್ರ ಷಡ್ಜದ ಮೈಯೇ ಬರುವುದಿಲ್ಲ. ಆದರೆ ತಿಂಗಳಿಗೆ ಕೆಲವು ಸಲವಾದರೂ ಮರದ ತಂಬೂರಿಗೆ ಶ್ರುತಿ ಕೂಡಿಸಿ, ಏಕೆಂದರೆ ಶ್ರುತಿ ಕೂಡಿಸುವುದೇ ಏಕಾಗ್ರತೆಯ ಪಾಠ. ಜೀವದ ದಾರ (ತಂತಿಯಡಿಯ ನೂಲು) ಸರಿಸಿ, ಮೊದಲು ಸಾರಣೆ, ಅನುಸಾರಣೆ (ನಡುವಿನ ಎರಡು ತಂತಿ) ಎರಡನ್ನೂ ಒಂದೇ ಷಡ್ಜಕ್ಕೆ ತನ್ನಿ. ಎರಡರ ನಡುವೆ ಅಲೆ ಕೇಳಿಸುತ್ತದೆ: ಸೆಕೆಂಡಿಗೆ ಎರಡು ಅಲೆ ಎಂದರೆ ಎರಡು ಹರ್ಟ್ಸ್ ವ್ಯತ್ಯಾಸ. ಹತ್ತಿರವಾದಂತೆ ಅಲೆ ನಿಧಾನವಾಗಿ ನಿಂತುಹೋಗುತ್ತದೆ. ನಂತರ ಮಂದ್ರ, ಕೊನೆಗೆ ಪಂಚಮ. ಕುದುರೆಯ (ತಂತಿ ಹಾದುಹೋಗುವ ಸೇತುವೆ) ಮೇಲೆ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾ ದನಿ ಅರಳುವ ಜಾಗ ಹಿಡಿಯಿರಿ, ಉಳಿದದ್ದು ತಂತಿಗೆ ಪೋಣಿಸಿದ ಮಣಿಯಲ್ಲಿ. ಎಸಿ ಕೋಣೆಯಿಂದ ಹೊರಗೆ ತಂದರೆ ಇಪ್ಪತ್ತು ನಿಮಿಷ ಬಿಟ್ಟು ಕೂಡಿಸಿ, ಇಲ್ಲದಿದ್ದರೆ ಕೂಡಿಸಿದ್ದೆಲ್ಲ ವ್ಯರ್ಥ.

ಕೂಡಿದಾಗ ಮಂದ್ರ ತಂತಿಯಿಂದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ, ಅದು ಆ ತಂತಿಯ ಐದನೇ ಹಾರ್ಮೋನಿಕ್ (ಮೂಲ ಕಂಪನದ ಐದು ಪಟ್ಟು). ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ (ಅರ್ಧಸ್ವರಕ್ಕೆ 100 ಸೆಂಟ್) ಮೇಲಿರುತ್ತದೆ. ಮೋಹನದ ಗಾಂಧಾರವನ್ನು ಕೀಬೋರ್ಡಿಗೆ ಹೊಂದಿಸಿ ಕಲಿತವರಿಗೆ ತಂಬೂರಿಯ ಮುಂದೆ ಸದಾ ಏನೋ ಕಿರಿಕಿರಿ, ಕಾರಣ ಇಷ್ಟೇ.

ಹಿಂದೋಳ ರಾಗಕ್ಕೆ ಪಂಚಮ ಬೇಡವೆಂದು ಆ ತಂತಿಯನ್ನು ಮಧ್ಯಮಕ್ಕೆ ಇಳಿಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಮಧ್ಯಮದಿಂದ ಮೇಲಿನ ಷಡ್ಜಕ್ಕೆ ಪಂಚಮದ ಅಂತರ ಇರುವುದರಿಂದ, ಸ್ವಲ್ಪ ಮೈಮರೆತರೆ ಕಿವಿ ಮಧ್ಯಮವನ್ನೇ ಷಡ್ಜ ಮಾಡಿಕೊಳ್ಳುತ್ತದೆ. ಧ್ಯಾನದ ಗುಂಗಿನಲ್ಲಿ ಹಾಡುವವರಿಗೆ ಇದು ಬೇಗ ಆಗುತ್ತದೆ.

ಅರ್ಧ ಎಡುಪು:

ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ.

ಕೋರ್ವೈ ತಲೆಯಲ್ಲಿ ಓಡೋದು ಅದು ನಾಲಗೆಗೆ ಇಳಿದಿಲ್ಲ ಅನ್ನೋದಕ್ಕೆ ಗುರುತು. ಆದಿತಾಳ, ಒಂದು ಕಳೆ, ಚತುರಶ್ರ (8 ಅಕ್ಷರ, ಅಕ್ಷರಕ್ಕೆ 4 ಮಾತ್ರೆ) ಅಂದರೆ ಆವರ್ತಕ್ಕೆ 32 ಮಾತ್ರೆ. 7 + 2 + 7 + 2 + 7 ಒಟ್ಟು 25. ಸಮಕ್ಕೆ (ಆವರ್ತದ ಮೊದಲ ಏಟು) ಬರಬೇಕಾದರೆ 7 ಮಾತ್ರೆ ಬಿಟ್ಟು ಶುರು. ಸಮದಿಂದ ಅರ್ಧ ಅಕ್ಷರ ತಡವಾಗಿ ಎತ್ತುವ ಕೃತಿಯಾದರೆ 9 ಬಿಟ್ಟು. ಈ ಎರಡನ್ನೂ ಸ್ವರವಿಲ್ಲದೆ ಬರೀ ತಕಿಟ ಸೊಲ್ಲಲ್ಲಿ, ತಾಳ ಹಾಕ್ತಾ, ದಿನಕ್ಕೆ 20 ಸಲ, ಮೂರು ವಾರ ಹೇಳಿ. ಆಮೇಲೆ ಮಾತ್ರ ಸ್ವರ ಹಾಕಿ.

ಇದಾದ ಮೇಲೆ ಇನ್ನೊಂದು ಅಭ್ಯಾಸ: ಕೋರ್ವೈ ನಿಷೇಧಿಸಿ ಹತ್ತು ನಿಮಿಷ ಕಲ್ಪನಾಸ್ವರ. ಪ್ರತಿ ಸುತ್ತೂ ಎಡುಪಿಗೆ ಸರಳವಾಗಿ ಬಂದು ಸೇರಬೇಕು, ಹಿಂದಿನ ಸ್ವರ ಸಾಹಿತ್ಯದ ಮೊದಲ ಸ್ವರಕ್ಕೆ ಒಪ್ಪಬೇಕು, ಅಷ್ಟೇ. ಮುಕ್ತಾಯದ ಪಟಾಕಿ ಇಲ್ಲದೆ ಹಾಡೋಕೆ ಶುರುಮಾಡಿದಾಗ ಮಧ್ಯದ ಸ್ವರ ಕಿವಿಗೆ ಬೀಳೋಕೆ ಶುರುವಾಗುತ್ತೆ. ಎಡುಪು ತಪ್ಪಿದರೆ ತಾಳ ನಿಲ್ಲಿಸಬೇಡಿ, ಒಂದು ಆವರ್ತ ಸುಮ್ಮನಿದ್ದು ಮುಂದಿನದಕ್ಕೆ ಹತ್ತಿ. ತಪ್ಪಿದ್ದನ್ನ ಅಲ್ಲೇ ಸರಿಮಾಡೋಕೆ ಹೋಗಿ ಎರಡನೇದೂ ತಪ್ಪೋದು ಸಾಮಾನ್ಯ.

ಕಚೇರಿಗೆ ಹೊರಡೋ ಮುಂಚೆ ಉದ್ದ ಧ್ಯಾನ ಬೇಡ. ಹತ್ತು ನಿಮಿಷ ಸಾಕು. ಜಾಸ್ತಿ ಕೂತೆದ್ದರೆ ಕಾಲಪ್ರಮಾಣ (ಹಾಡೋ ವೇಗ) ಇಳಿಯುತ್ತೆ, ಹಾಡುವವರಿಗೆ ಗೊತ್ತೇ ಆಗಲ್ಲ, ಮೃದಂಗದವರ ಮುಖ ನೋಡಿದರೆ ಗೊತ್ತಾಗುತ್ತೆ.

ಹೊಸ ಸದಸ್ಯ 3:

432 ಹರ್ಟ್ಸ್‌ಗೆ ಶ್ರುತಿ ಇಟ್ಟು ರೇವತಿ ಹಾಡಿದರೆ ಧ್ಯಾನ ಬೇಗ ಕೂಡುತ್ತೆ ಅಂತಾರಲ್ಲ, ನಿಜವೆ?

ತಂತಿಜೀವ:

ನಮ್ಮಲ್ಲಿ ಆಧಾರ ಷಡ್ಜ ಅವರವರ ಕಂಠಕ್ಕೆ ತಕ್ಕ ಹಾಗೆ. ಮಂದ್ರ ಪಂಚಮದಿಂದ ತಾರ ಪಂಚಮದ ತನಕ ಒತ್ತಡವಿಲ್ಲದೆ ಬರುವ ಕಡೆ ಇಡಿ. ಪಾಶ್ಚಾತ್ಯ ಮಾನದಂಡವಾದ 440 ಹರ್ಟ್ಸ್ ಬದಲು 432 ಅಂದರೆ ಸುಮಾರು 32 ಸೆಂಟ್ ಇಳಿಸಿದ ಹಾಗೆ, ಅರ್ಧಸ್ವರದ ಮೂರನೇ ಒಂದು ಭಾಗ ಕೂಡ ಪೂರ್ತಿ ಇಲ್ಲ. ಗಂಟಲಿಗೆ ಅದು ಹಿತವಾದರೆ ಹಾಡಿ, ಅದರಾಚೆ ಅದರಲ್ಲಿ ಏನೂ ಇಲ್ಲ. ರೇವತಿಯಲ್ಲಿ ಗಾಂಧಾರ, ಧೈವತ ಇಲ್ಲ, ನಿಲ್ಲಲು ಜಾಗ ಕಡಿಮೆ. 12 ನಿಮಿಷದ ಅಭ್ಯಾಸಕ್ಕೆ ಮೊದಲು ಮೋಹನವನ್ನೇ ಹಿಡಿಯಿರಿ.