ಸಿನಿಮಾ ಬಿಟ್ಟು ಬ್ಯಾಂಡ್ ಹಾಡು: ವಿಡಿಯೊ ನೋಡೋದಾ, ಲೈವ್ ನೋಡೋದಾ? ನಿಮ್ಮ ಅನುಭವ ಹೇಳಿ

ಮಾಳಿಗೆ ಮನೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾವು ಸೇಡಂ ರಸ್ತೆ ಕಡೆಯ ಗೆಳೆಯರು. ತಿಂಗಳಿಗೊಂದು ಶನಿವಾರ ನಮ್ಮ ಮಾಳಿಗೆ ಮೇಲೆ ಸೇರಿ ಸ್ವತಂತ್ರ ಬ್ಯಾಂಡ್‌ಗಳ ಹಾಡು ನೋಡಬೇಕು ಅಂತ ಮಾಡಿದ್ದೇವೆ. ಸಿನಿಮಾ ಹಾಡು ಬೇಡ. ಅವ್ವ, ಅಪ್ಪ, ಕಾಕಾ ಎಲ್ಲ ಕೂರುತ್ತಾರೆ, ಹಾಗಾಗಿ ಕನ್ನಡ ಜಾಸ್ತಿ ಇರಲಿ. ಎರಡು ತಾಸಿಗೆ ಸಾಕಾಗುವಷ್ಟು ನಿಮ್ಮ ಇಷ್ಟದ ವಿಡಿಯೊ ಹೇಳಿ. ಶೂಟಿಂಗ್ ಮಾಡಿ ತೆಗೆದ ವಿಡಿಯೊ ಹಾಕಬೇಕಾ, ಜನರ ಮುಂದೆ ಹಾಡಿದ ಲೈವ್ ವಿಡಿಯೊ ಹಾಕಬೇಕಾ? ಕೈಯಲ್ಲಿ ಹತ್ತು ಸಾವಿರ ಇದೆ. ಪ್ರೊಜೆಕ್ಟರ್ ತರೋದಾ, ಸ್ಪೀಕರ್ ತರೋದಾ?

ಬಿಸಿಲೂರಿನವ, ಕಲಬುರಗಿ

ಲೈವ್. ಬೇರೆ ಮಾತೇ ಇಲ್ಲ.

ರಘು ದೀಕ್ಷಿತ್ ಅವರನ್ನು ನೋಡಲು ನಾನು ಹೈದರಾಬಾದ್‌ಗೆ ಹೋಗಿದ್ದೆ. ಖರ್ಚು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಟಿಕೆಟ್ 1,499. ಅದರ ಮೇಲೆ ಬುಕಿಂಗ್ ಶುಲ್ಕ, ತೆರಿಗೆ ಅಂತ 212. ಹೋಗಿ ಬರಲು ಬಸ್ಸಿಗೆ 900 ಚಿಲ್ಲರೆ. ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಬಸ್ ಸಿಗಲ್ಲ ಅಂತ ರೂಮ್ ಮಾಡಿದೆ, 1,400. ಬಸ್ ಸ್ಟ್ಯಾಂಡ್‌ನಿಂದ ಆ ಜಾಗಕ್ಕೆ ಆಟೋದವರು 450 ಕೇಳಿದರು, 380ಕ್ಕೆ ಇಳಿದರು. ಒಳಗೆ ನೀರಿನ ಬಾಟಲಿಗೆ 80. ನನ್ನ ಬಾಟಲಿಯನ್ನು ಬಾಗಿಲಲ್ಲೇ ಇಡಿಸಿಕೊಂಡರು. ಏಳಕ್ಕೆ ಶುರು ಅಂದವರು ಎಂಟೂವರೆಗೆ ಶುರು ಮಾಡಿದರು. ಅಲ್ಲಿವರೆಗೆ ನಿಂತೇ ಇದ್ದೆವು, ಕುರ್ಚಿ ಇಲ್ಲ.

ಆದರೆ ಅವರು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಬಂದರಲ್ಲ, ಎಲ್ಲ ಮರೆತುಹೋಯಿತು. ಸ್ಟೇಜಿನ ಎಡಗಡೆ ನಿಂತಿದ್ದೆ. ಹಾಡಿನ ನಡುವೆ ಡ್ರಮ್ಸ್ ನಿಂತಾಗ ಆ ಗೆಜ್ಜೆ ಸದ್ದು ಒಂದೇ ಕೇಳುತ್ತೆ. ಯಾವ ವಿಡಿಯೊದಲ್ಲೂ ಅದು ನನಗೆ ಕೇಳಿಸಿಲ್ಲ. ಶರೀಫಜ್ಜನ ‘ಗುಡುಗುಡಿಯ ಸೇದಿ ನೋಡೋ’ ಬಂದಾಗ ತೆಲುಗಿನ ಹುಡುಗರೂ ಕುಣಿದರು. 2008ರ ಮೊದಲ ಆಲ್ಬಮ್‌ನಿಂದ ಆ ಹಾಡು ಕೇಳುತ್ತಿದ್ದೇನೆ. ನಿಜವಾಗಿ ಕೇಳಿದ್ದು ಅವತ್ತೇ.

ಹತ್ತು ಸಾವಿರ ಇದ್ದರೆ ಪ್ರೊಜೆಕ್ಟರ್ ಯಾಕೆ? ಇಬ್ಬರು ಹೋಗಿ ಲೈವ್ ನೋಡಿ ಬನ್ನಿ.

ಕೋಟೆ ಕಡೆಯವ, ಬೀದರ್

ಮೇಲಿನ ಅಣ್ಣಾ, ಅವರು ಕೇಳಿದ್ದು ಮಾಳಿಗೆ ಮೇಲೆ ಹಿರಿಯರನ್ನು ಕೂರಿಸಿಕೊಂಡು ನೋಡೋಕೆ. ಅವ್ವ ಅಪ್ಪನನ್ನು ಹೈದರಾಬಾದ್‌ಗೆ ಕರೆದುಕೊಂಡು ಹೋಗಿ ರಾತ್ರಿ ತನಕ ನಿಲ್ಲಿಸಬೇಕಾ?

ನಾನು ಶೂಟಿಂಗ್ ಮಾಡಿದ ವಿಡಿಯೊ ಕಡೆಯವನು. ಯಾಕಂದರೆ ನಾವೇ ಒಂದು ಮಾಡಿದ್ದೇವೆ, ಅದರ ಕಷ್ಟ ಗೊತ್ತು. ನಮ್ಮದು ನಾಲ್ವರ ಬ್ಯಾಂಡ್. ನಮ್ಮದೇ ಹಾಡು, ನಮ್ಮದೇ ಸಾಹಿತ್ಯ. ಕೋಟೆಯಲ್ಲಿ ತೆಗೆಯಬೇಕು ಅಂತ ಆಸೆ. ಅದು ಪುರಾತತ್ವ ಸರ್ವೇಕ್ಷಣೆಯ ಕೈಯಲ್ಲಿರುವ ಸ್ಮಾರಕ. ಮೊಬೈಲಿನಲ್ಲಿ ಫೋಟೊ ತೆಗೆದರೆ ಯಾರೂ ಏನೂ ಅನ್ನಲ್ಲ. ಸ್ಟ್ಯಾಂಡು, ಲೈಟು, ಗಿಟಾರು ಇಳಿಸಿದರೆ ಅನುಮತಿ ಪತ್ರ ಕೇಳುತ್ತಾರೆ. ಅನುಮತಿಗೆ ಮೊದಲೇ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ನಮ್ಮಂಥವರಿಗೆ ಆಗದ ಮಾತು. ಡ್ರೋನ್ ಅಂತೂ ಕೇಳಲೇಬೇಡಿ. ವಾಯುಪಡೆ ನೆಲೆ ಇರುವ ಊರು ನಮ್ಮದು. ಬಾಡಿಗೆಗೆ ಡ್ರೋನ್ ತರುತ್ತೇನೆ ಅಂದಿದ್ದವನು ಊರ ಹೆಸರು ಕೇಳಿದ ಕೂಡಲೇ ಬರಲ್ಲ ಅಂದ. ಮುಂಗಡ ಎರಡು ಸಾವಿರ ವಾಪಸ್ ತಗೊಳ್ಳೋದರಲ್ಲಿ ಸಾಕಾಯಿತು.

ಕೊನೆಗೆ ಮಾಂಜ್ರಾ ನದಿ ದಂಡೆಗೆ ಹೋದೆವು. ಕ್ಯಾಮೆರಾ ಬಾಡಿಗೆ ದಿನಕ್ಕೆ 3,500. ಲೆನ್ಸಿಗೆ ಬೇರೆ 800. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ಗೆ 1,200. ಟಂಟಂ ಗಾಡಿಗೆ 1,500. ಡ್ರಮ್ ಕಿಟ್ ಅದರಲ್ಲಿ ಹಿಡಿಯಲಿಲ್ಲ, ಇನ್ನೊಂದು ಗಾಡಿ, ಮತ್ತೆ 1,500. ಮಧ್ಯಾಹ್ನ ಮಳೆ ಬಂತು. ಮರುದಿನ ಮತ್ತೆ ಅಷ್ಟೂ ಬಾಡಿಗೆ. ಎಡಿಟಿಂಗ್‌ಗೆ 12,000 ಮಾತಾಗಿತ್ತು. ತುಟಿ ಹಾಡಿಗೆ ಕೂಡುತ್ತಿಲ್ಲ, ಸರಿ ಮಾಡಿ ಅಂದಿದ್ದಕ್ಕೆ 2,500 ಜಾಸ್ತಿ ಕೇಳಿದ. ಕೊಟ್ಟೆವು. ಇನ್ನೂ ಕೂಡಿಲ್ಲ, ಎರಡನೇ ಚರಣ ನೋಡಿದರೆ ಗೊತ್ತಾಗುತ್ತೆ.

ಇಷ್ಟಾದ ಮೇಲೂ ಹೇಳುತ್ತೇನೆ, ವಿಡಿಯೊ ಮಾಡಲೇಬೇಕು. ಲೈವ್ ಕಾರ್ಯಕ್ರಮ ನಮ್ಮ ಕಡೆ ಎಲ್ಲಿ ನಡೆಯುತ್ತೆ? ಉತ್ಸವ ಬಂದರೆ ಬೆಂಗಳೂರು, ಮುಂಬೈಯವರನ್ನು ಕರೆಸುತ್ತಾರೆ. ನಮಗೆ ಸಂಜೆ ಐದಕ್ಕೆ, ಬಿಸಿಲಲ್ಲಿ, ಖಾಲಿ ಕುರ್ಚಿಗಳ ಮುಂದೆ ಹದಿನೈದು ನಿಮಿಷ. ನಾವೇ ನೂರು ರೂಪಾಯಿ ಟಿಕೆಟ್ ಇಟ್ಟರೆ ಎಲ್ಲರೂ ಪಾಸ್ ಕೇಳುತ್ತಾರೆ. ಹೈದರಾಬಾದ್‌ಗೆ ಹೋಗಿ ಐದು ಸಾವಿರ ಸುರಿಯುವವರೂ ಕೇಳುತ್ತಾರೆ.

ಬಿಸಿಲೂರಿನವ, ಕಲಬುರಗಿ

ನಾನು ಯಾರ ಹತ್ತಿರವೂ ಪಾಸ್ ಕೇಳಿದವನಲ್ಲ. ನನ್ನ ದುಡ್ಡು, ನನ್ನ ಹಾಡು. ಸುಮ್ನೆ ಏನೇನೋ ಹೇಳಬೇಡಿ.

ಏಕತಾರಿ, ಯಾದಗಿರಿ

ನೀವಿಬ್ಬರೂ ಹೇಳುತ್ತಿರುವ ‘ಬ್ಯಾಂಡ್’ ಯಾವುದು? ಗಿಟಾರ್ ಇದ್ದರೆ ಮಾತ್ರ ಬ್ಯಾಂಡಾ?

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ತತ್ವಪದ ಹಾಡುತ್ತಾರೆ. ಕಡಕೋಳ ಮಡಿವಾಳಪ್ಪನವರ ಪದ, ಚನ್ನೂರ ಜಲಾಲಸಾಹೇಬರ ಪದ. ಏಕತಾರಿ, ದಿಮ್ಮಡಿ, ತಾಳ, ಒಂದು ಹಾರ್ಮೋನಿಯಂ. ಯಾವ ಕಂಪನಿಯೂ ದುಡ್ಡು ಹಾಕಿಲ್ಲ, ಯಾವ ಸಿನಿಮಾದವರೂ ಬಂದಿಲ್ಲ. ಇದಕ್ಕಿಂತ ಸ್ವತಂತ್ರ ಬ್ಯಾಂಡ್ ಯಾವುದಿದೆ? ಅಮಾವಾಸ್ಯೆ ರಾತ್ರಿ ಮಠದಲ್ಲಿ ಕೂತರೆ ಬೆಳಗಿನ ತನಕ ಹಾಡುತ್ತಾರೆ. ಮೊಹರಂ ಬಂದರೆ ಹಳ್ಳಿ ಹಳ್ಳಿಯಲ್ಲಿ ರಿವಾಯತ್ ಪದ. ಅದೇ ನಿಜವಾದ ಲೈವ್.

ನಮ್ಮ ಕಾಕಾ ಹಾಡಿದ್ದನ್ನು ನಾನು ಫೋನಿನಲ್ಲಿ ಹಿಡಿದಿದ್ದೇನೆ. ಕತ್ತಲೆ, ಮುಖ ಸರಿಯಾಗಿ ಕಾಣಲ್ಲ. ಒಂದು ಕಡೆ ಯಾರೋ ಕೆಮ್ಮುತ್ತಾರೆ. ಆದರೆ ಒಂದು ಪದದ ಕೊನೆಗೆ ಕಾಕಾ ಉಸಿರು ಎಳೆದುಕೊಳ್ಳೋದು, ದಿಮ್ಮಡಿಯವರು ಅವರ ಮುಖ ನೋಡುತ್ತಾ ಅರ್ಧ ಪೆಟ್ಟು ತಡೆಯೋದು, ಎಲ್ಲ ಇದೆ. ಈಗ ಕಾಕಾ ಇಲ್ಲ. ಆ ಫೋನಿನ ಮೆಮೊರಿ ಕಾರ್ಡ್ ಕೆಟ್ಟಾಗ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಒಬ್ಬರಿಗೆ 1,800 ಕೊಟ್ಟು ತೆಗೆಸಿದೆ. ಅರ್ಧ ಫೈಲು ಬಂತು. ಉಳಿದದ್ದಕ್ಕೆ ಪುಣೆಗೆ ಕಳಿಸಬೇಕು, ಒಂಬತ್ತು ಸಾವಿರ ಆಗುತ್ತೆ ಅಂದರು. ದುಡ್ಡು ಕೂಡಿಸುತ್ತಿದ್ದೇನೆ, ಕಳಿಸುತ್ತೇನೆ.

ಶರೀಫರ ಪದಕ್ಕೆ ಡ್ರಮ್ಸ್ ಬಡಿಯೋದು ನನಗೆ ಸೇರಲ್ಲ. ಸಿ. ಅಶ್ವತ್ಥ್ ಹಾಡಿದ್ದು ಕೇಳಿ, ಒಂದೊಂದು ಅಕ್ಷರ ತಿಳಿಯುತ್ತೆ.

ಬಿಸಿಲೂರಿನವ, ಕಲಬುರಗಿ

ಅಶ್ವತ್ಥ್ ಅವರ ಹಾಡಿನಲ್ಲೂ ತಬಲಾ, ಕೊಳಲು, ಕೀಬೋರ್ಡ್ ಇತ್ತಲ್ವಾ? ಶರೀಫಜ್ಜ ಹಾಡುವಾಗ ಕೀಬೋರ್ಡ್ ಇತ್ತಾ? ನಿಮ್ಮ ಕಾಕಾನ ಮೇಲೆ ಗೌರವ ಇದೆ. ಆದರೆ ನನ್ನ ತಂಗಿ ಆ ಪದ ಬಾಯಿಪಾಠ ಮಾಡಿದ್ದು ರಘು ದೀಕ್ಷಿತ್ ಕೇಳಿ. 2010ರಲ್ಲಿ ಬಿಬಿಸಿ ಟಿವಿಯ ಜೂಲ್ಸ್ ಹಾಲಂಡ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದ ಮನುಷ್ಯ ಅವರು. ನಮ್ಮ ಕಡೆಯ ಪದವನ್ನು ಲೋಕಕ್ಕೆ ಮುಟ್ಟಿಸಿದವರ ಮೇಲೆ ಸಿಟ್ಟು ಯಾಕೆ?

ಏಕತಾರಿ, ಯಾದಗಿರಿ

ಸಿಟ್ಟಲ್ಲ. ಆದರೆ ಅವರು ಸಿನಿಮಾಗೂ ಸಂಗೀತ ಮಾಡಿದವರು. ‘ಸೈಕೋ’ ಸಿನಿಮಾದ ಸಂಗೀತ ಯಾರದ್ದು? ಸ್ವತಂತ್ರ ಅಂತ ಕರೆಯುವಾಗ ಸ್ವಲ್ಪ ನೋಡಿ ಕರೆಯಿರಿ.

ಮಿಕ್ಸರ್ ಅಕ್ಕ, ಕಲಬುರಗಿ

ಸಿನಿಮಾದ ದುಡ್ಡಿನಿಂದ ಮನೆ ನಡೆಸಿ ತನ್ನ ಹಾಡು ತಾನು ಮಾಡಿದರೆ ಏನು ತಪ್ಪು? ನಾನು ಮದುವೆ, ಜಾತ್ರೆ, ಆರ್ಕೆಸ್ಟ್ರಾಗೆ ಸೌಂಡ್ ಮಾಡುತ್ತೇನೆ. ಆ ದುಡ್ಡಿನಿಂದಲೇ ನಮ್ಮ ಊರಿನ ಹುಡುಗರ ರೆಕಾರ್ಡಿಂಗ್ ಪುಕ್ಕಟೆ ಮಾಡಿಕೊಡುತ್ತೇನೆ. ನಾನೂ ಸ್ವತಂತ್ರ ಅಲ್ಲ ಅಂತೀರಾ?

ಲೈವ್ ಅಂದರೆ ಸೌಂಡ್ ಕೆಟ್ಟದಾಗಿರುತ್ತೆ ಅಂತ ತಿಳಿದವರಿಗೆ ಒಂದು ಮಾತು. ದೆಹಲಿಯ ಬ್ಯಾಂಡ್ ಇಂಡಿಯನ್ ಓಶನ್‌ನ ‘ಡೆಸರ್ಟ್ ರೇನ್’ ಕೇಳಿ. 1997ರ ಆಲ್ಬಮ್, ದೆಹಲಿಯ ಒಂದು ಕಾರ್ಯಕ್ರಮದಲ್ಲಿ ಜನರ ಮುಂದೆ ನುಡಿಸಿದ್ದನ್ನೇ ಹಿಡಿದದ್ದು. 2000ದ ‘ಕಂದೀಸಾ’ ಆಮೇಲೆ ಬಂತು. ಆ ಬ್ಯಾಂಡಿನ ಅಶೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ಅವರ ಹಳೆಯ ಲೈವ್ ವಿಡಿಯೊ ಸಿಕ್ಕರೆ ಕೈ ನೋಡಿ. ದನಿ ಮೇಲಕ್ಕೆ ಹೋದಾಗ ಬೆರಳು ಹಗುರಾಗುತ್ತವೆ. 2009ರಲ್ಲಿ ತೀರಿಕೊಂಡರು. ಅವತ್ತು ನಾನು ಕೆಲಸಕ್ಕೆ ಹೋಗಲಿಲ್ಲ. ಆ ಬ್ಯಾಂಡ್ ಬಗ್ಗೆ ‘ಲೀವಿಂಗ್ ಹೋಮ್’ ಅಂತ ಸಾಕ್ಷ್ಯಚಿತ್ರ ಇದೆ, ಜೈದೀಪ್ ವರ್ಮಾ ಮಾಡಿದ್ದು. ಹಾಡುಗಳನ್ನು ಪೂರ್ತಿ ನುಡಿಸೋದು ತೋರಿಸುತ್ತಾರೆ. ಒಂದು ಶನಿವಾರಕ್ಕೆ ಅದೊಂದೇ ಸಾಕು.

ಈಗ ನನ್ನ ಹೊಟ್ಟೆ ಉರಿ. ನಮ್ಮ ಊರಲ್ಲಿ ತೆಗೆದ ಲೈವ್ ವಿಡಿಯೊ ನೋಡಿದರೆ ಅಳು ಬರುತ್ತೆ. ಎಂಟು ಅಡಿ ಡಿಜೆ ಬಾಕ್ಸ್ ಮುಂದೆ ನಿಂತು ಫೋನ್ ಹಿಡಿದರೆ ಫೋನಿನ ಮೈಕು ಆ ಬೇಸ್ ತಡೆಯಲ್ಲ. ಪ್ರತಿ ಪೆಟ್ಟಿಗೂ ದನಿ ಒಳಗೆ ಹೋಗುತ್ತೆ, ಹೊರಗೆ ಬರುತ್ತೆ. ಎಲ್ಲ ಮೈಕುಗಳ ದನಿ ಕೂಡುವ ಮಿಕ್ಸರ್‌ನಿಂದ ಒಂದು ಲೈನ್ ತೆಗೆದು ರೆಕಾರ್ಡರ್‌ಗೆ ಕೊಡಿ. ಜನರ ಸದ್ದಿಗೆ ಇನ್ನೊಂದು ಮೈಕು ಬೇರೆ ಇಡಿ. ಮಿಕ್ಸರ್ ಲೈನ್ ಒಂದನ್ನೇ ಹಾಕಿದರೂ ಚೆನ್ನಾಗಿರಲ್ಲ, ಹಾಡುವವರ ದನಿ ಮಾತ್ರ ದೊಡ್ಡದಾಗಿ ಡ್ರಮ್ಸ್ ಎಲ್ಲೋ ದೂರ ಇರುತ್ತೆ. ಶುರುವಿಗೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆಯಿರಿ, ಆ ಗುರುತಿಗೆ ದನಿ ಮತ್ತು ಚಿತ್ರ ಕೂಡುತ್ತವೆ. ಬೀದರ್ ತಮ್ಮಾ, ನಿಮ್ಮ ಎಡಿಟರ್‌ಗೆ 2,500 ಕೊಡೋದು ಬೇಕಿರಲಿಲ್ಲ. ಎರಡನೇ ಚರಣ ಫೈಲ್ ನನಗೆ ಕಳಿಸಿ.

ನಾನು ರೆಕಾರ್ಡರ್ ತಗೊಂಡಿದ್ದು 9,000ಕ್ಕೆ. ಎರಡು ಕಾರ್ಡು, ಸ್ಟ್ಯಾಂಡು, ಗಾಳಿ ತಡೆಯುವ ಟೋಪಿ ಸೇರಿ 11,600. ಒಂದು ಜಾತ್ರೆಯಲ್ಲಿ ಜನರೇಟರ್ ಕರೆಂಟ್ ಏರಿಳಿದು ಚಾರ್ಜರ್ ಸುಟ್ಟಿತು. ಅದಾದ ಮೇಲೆ ಬ್ಯಾಟರಿಯಲ್ಲೇ ನಡೆಸುತ್ತೇನೆ.

ಕೋಟೆ ಕಡೆಯವ, ಬೀದರ್

ಅಕ್ಕಾ, ಕಳಿಸುತ್ತೇನೆ. ಆದರೆ ಎಡಿಟರ್ ಕೆಲಸಕ್ಕೆ ಬೆಲೆ ಇಲ್ಲ ಅನ್ನಬೇಡಿ. ಅವನೂ ನಮ್ಮ ಊರಿನವನೇ, ರಾತ್ರಿ ಎಲ್ಲ ಕೂತಿದ್ದಾನೆ.

ಮಿಕ್ಸರ್ ಅಕ್ಕ, ಕಲಬುರಗಿ

ಬೆಲೆ ಇಲ್ಲ ಅಂತ ಯಾರು ಅಂದರು? ತುಟಿ ಕೂಡಿಸೋದು ಮೊದಲ 12,000ದಲ್ಲೇ ಬರಬೇಕಿತ್ತು ಅಂದೆ.

ಹೊಸ ಹುಡುಗ, ಬೀದರ್

ಮಲಯಾಳಂ ಬ್ಯಾಂಡ್ ತೈಕ್ಕುಡಂ ಬ್ರಿಡ್ಜ್‌ನ ‘ನವರಸಂ’ ಹಾಕಿ. ‘ಕಾಂತಾರ’ದ ‘ವರಾಹ ರೂಪಂ’ ಅಲ್ಲಿಂದಲೇ ಬಂದಿದ್ದು.

ಬಿಸಿಲೂರಿನವ, ಕಲಬುರಗಿ

ಶುರುವಾಯಿತು. ಅದು ಬ್ಯಾಂಡಿನವರ ಆರೋಪ. 2022ರಲ್ಲಿ ಕೇರಳದ ಕೋರ್ಟ್ ಆ ಸಿನಿಮಾ ಹಾಡಿಗೆ ತಡೆ ಕೊಟ್ಟಿದ್ದು ನಿಜ. ಓಟಿಟಿಯಲ್ಲಿ ಬೇರೆ ರೂಪದ ಹಾಡು ಹಾಕಿದ್ದರು, ಆಮೇಲೆ ಮೊದಲಿನದ್ದೇ ವಾಪಸ್ ಬಂತು. ಚಿತ್ರತಂಡ ಕದ್ದಿಲ್ಲ ಅಂತಲೇ ಹೇಳಿದೆ. ‘ಅಲ್ಲಿಂದಲೇ ಬಂದಿದ್ದು’ ಅನ್ನೋಕೆ ನೀವೇನು ಜಡ್ಜಾ?

ಹೊಸ ಹುಡುಗ, ಬೀದರ್

ಎರಡೂ ಹಾಡು ಕೇಳಿದ್ದೀರಾ? ಸಿನಿಮಾದವರ ಪರ ಎಷ್ಟು ಬೇಗ ನಿಲ್ಲುತ್ತೀರಿ! ಇದೇ ಬೀದರ್ ಹುಡುಗರ ಹಾಡು ನಾಳೆ ಯಾರಾದರೂ ಎತ್ತಿಕೊಂಡರೆ ಕೋರ್ಟಿಗೆ ಹೋಗಲು ದುಡ್ಡು ಯಾರು ಕೊಡುತ್ತಾರೆ?

ಕೋಟೆ ಕಡೆಯವ, ಬೀದರ್

ಇದು ನಿಜ. ನಾವು ರೆಕಾರ್ಡಿಂಗ್ ದಿನಾಂಕ, ಬರೆದ ಕಾಗದ ಎಲ್ಲ ಎತ್ತಿಟ್ಟಿದ್ದೇವೆ. ನಮ್ಮಂಥವರ ಹತ್ತಿರ ಇರೋದು ಹಾಡು ಒಂದೇ.

ಮಾಳಿಗೆ ಮನೆ, ಕಲಬುರಗಿ

ದಯವಿಟ್ಟು ಜಗಳ ಬೇಡ. ಸ್ವರಾತ್ಮ ಬ್ಯಾಂಡ್ ಬಗ್ಗೆ ಯಾರೂ ಹೇಳಲಿಲ್ಲ. ಹಿರಿಯರಿಗೆ ಹಿಡಿಸುತ್ತಾ? ಪ್ರೊಜೆಕ್ಟರ್ ಬಗ್ಗೆಯೂ ಹೇಳಿ.

ಮಿಕ್ಸರ್ ಅಕ್ಕ, ಕಲಬುರಗಿ

ಹಿಡಿಸುತ್ತೆ. ಅಲ್ಲಿ ಹಾಡುವ ವಾಸು ದೀಕ್ಷಿತ್ ಇದೇ ರಘು ದೀಕ್ಷಿತ್ ಅವರ ತಮ್ಮ. ಮೊದಲ ಆಲ್ಬಮ್‌ನ ‘ಈ ಭೂಮಿ’ ಕನ್ನಡ ಹಾಡು, ಅದರಿಂದ ಶುರು ಮಾಡಿ. 2012ರ ‘ಟೋಪಿವಾಲೇ’ ರಾಜಕಾರಣಿಗಳ ಮೇಲಿನ ಹಾಡು. ಹಿಂದಿ ಆದರೂ ನಮ್ಮ ಕಡೆಯವರಿಗೆ ತಿಳಿಯದ ಹಿಂದಿ ಏನಲ್ಲ. ನನ್ನ ಅಪ್ಪ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡರು.

ಸ್ಪೀಕರ್ ತನ್ನಿ, ಪ್ರೊಜೆಕ್ಟರ್ ಬೇಡ. ಐದಾರು ಸಾವಿರದ ಪ್ರೊಜೆಕ್ಟರ್ ನಮ್ಮ ಬೇಸಿಗೆಯಲ್ಲಿ ಏಳೂವರೆ ತನಕ ಏನೂ ತೋರಿಸಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ನಿಮಗೆ ಸಿಗೋದು ಎರಡೂವರೆ ತಾಸು, ಅದರಲ್ಲಿ ಊಟ. ಮನೆಯ ಟಿವಿಯನ್ನೇ ಮೇಲೆ ಒಯ್ಯಿರಿ. ಬ್ಲೂಟೂತ್ ಬೇಡ, ವೈರ್ ಹಾಕಿ.

ಏಕತಾರಿ, ಯಾದಗಿರಿ

ಕಾಕಾನ ಅರ್ಧ ಫೈಲು ಕಳಿಸಲಾ? ಏಳು ನಿಮಿಷ ಇದೆ. ಕೆಮ್ಮು ತೆಗೆಯಬೇಡಿ. ಅದು ನಮ್ಮ ಅಪ್ಪಂದು.

ಮಾಳಿಗೆ ಮನೆ, ಕಲಬುರಗಿ

ಕಳಿಸಿ ಅಣ್ಣಾ. ಮೊದಲು ಅದನ್ನೇ ಹಾಕುತ್ತೇವೆ.

ಬಿಸಿಲೂರಿನವ, ಕಲಬುರಗಿ

ಏಳು ನಿಮಿಷ ಕತ್ತಲೆ ತೋರಿಸಿದರೆ ಜನ ಎದ್ದು ಹೋಗುತ್ತಾರೆ. ಮೊದಲು ರಘು ದೀಕ್ಷಿತ್ ಹಾಕಿ, ಆಮೇಲೆ ಅದು. ಬೀದರ್‌ನವರೇ, ನಿಮ್ಮ ಮುಂದಿನ ಕಾರ್ಯಕ್ರಮ ಯಾವಾಗ? ಟಿಕೆಟ್ ತಗೊಂಡೇ ಬರುತ್ತೇನೆ. ಡ್ರಮ್ಸ್ ಸರಿ ಕೇಳದಿದ್ದರೆ ಇಲ್ಲೇ ಬರೆಯುತ್ತೇನೆ.

ಕೋಟೆ ಕಡೆಯವ, ಬೀದರ್

ಬರೆಯಿರಿ. ಸಭಾಂಗಣದ ಬಾಡಿಗೆಗೆ ಇನ್ನೂ ನಾಲ್ಕು ಸಾವಿರ ಕಡಿಮೆ ಇದೆ, ಕೂಡಿದ ಮೇಲೆ ತಾರೀಖು ಹೇಳುತ್ತೇನೆ.