ಅಪ್‌ಡೇಟ್: ಚುನಾವಣಾ ಫಲಿತಾಂಶದ ಬೇಸರದಿಂದ ಹೊರಬರುವುದು ಹೇಗೆ ಅಂತ ಕೇಳಿದ್ದೆ

2024ರ ಜೂನ್ 4ರ ಲೋಕಸಭಾ ಫಲಿತಾಂಶದ ನಂತರ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಪಕ್ಷ ಬೇರೆ ಅಂತ ಕಾಕಾನ ಜೊತೆ ಮಾತೇ ನಿಂತಿದೆ, ಏನು ಮಾಡಲಿ ಅಂತ ಕಲಬುರಗಿಯಿಂದ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಟಿವಿ ಚರ್ಚೆ ಬಂದ್ ಮಾಡಿದೆ. ನಿದ್ದೆ ಅದರಿಂದಲೇ ಸರಿಹೋಯಿತು. ಸಂಜೆ ನಮ್ಮೂರಿನ 'ಅಪ್ಪನ ಕೆರೆ' ಕಡೆ ಸುಮ್ನೆ ನಡೆದು ಬರುತ್ತೇನೆ.

ಆದರೆ ಜಾಸ್ತಿ ಕೈಹಿಡಿದದ್ದು "ಗೆದ್ದವರಿಗೆ ಕೆಲಸ ಹಚ್ಚಿ" ಅನ್ನೋ ಸಲಹೆ. ಪ್ರತಿ ಸಂಸದರಿಗೂ ವರ್ಷಕ್ಕೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಕೆಲಸ ಯಾವುದು ಅಂತ ಸಂಸದರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ನಾವು ಮತ ಹಾಕಿರಲಿ ಬಿಡಲಿ, ಕೇಳುವ ಹಕ್ಕು ನಮಗಿದೆ ಅಲ್ವಾ? ನಮ್ಮ ಓಣಿಯ ಸರ್ಕಾರಿ ಶಾಲೆಗೆ ಕೋಣೆ ಸಾಲುತ್ತಿಲ್ಲ. ಅದಕ್ಕೇ ಅರ್ಜಿ ಬರೆದೆವು. ಕಲಬುರಗಿಗೆ ಪ್ರತ್ಯೇಕ ರೈಲ್ವೆ ವಿಭಾಗ ಬೇಕು ಅಂತ ವರ್ಷಗಳಿಂದ ಊರು ಕೇಳುತ್ತಿರುವ ಬೇಡಿಕೆಯನ್ನೂ ಸೇರಿಸಿದೆವು.

ಸಹಿ ಹಾಕಿಸಲು ಕಾಕಾನ ಮನೆಗೆ ಹೋದೆ. "ಬಾರಪಾ, ಕೂಡು" ಅಂದರು. ಅಷ್ಟು ಸಾಕಾಯಿತು ನನಗೆ, ಕಣ್ಣು ತುಂಬಿ ಬಂತು. ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತಕ್ಕೆ ಬೇಕಾದ 272 ಸೀಟು ಬರಲಿಲ್ಲವಲ್ಲ, ಅವರಿಗೂ ಬೇಸರವಿತ್ತಂತೆ. ರೊಟ್ಟಿ ಊಟ ಮಾಡಿಸಿಯೇ ಕಳಿಸಿದರು. ರಾಜಕೀಯದಲ್ಲಿ ಇಬ್ಬರ ಅಭಿಪ್ರಾಯ ಈಗಲೂ ಬೇರೆಯೇ.

ಮುಂದಿನ ವಾರ ಅರ್ಜಿ ಕೊಡಲು ಹೋಗುತ್ತೇವೆ. ಕಾಕಾನೂ ಬರುತ್ತಾರೆ.