ಕಿಡ್ನಿ ಶಸ್ತ್ರಚಿಕಿತ್ಸೆಯ ನೋವಿಗೆ ನರದ ಬ್ಲಾಕ್: ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಅಕ್ಕ ತಮ್ಮನಿಗೆ ಕಿಡ್ನಿ ಕೊಡುತ್ತಿದ್ದಾಳೆ. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಎಡಗಡೆಯದನ್ನು ತೆಗೆಯುತ್ತಾರೆ. ಪೂರ್ಣ ಅರಿವಳಿಕೆಯ ಜೊತೆಗೆ ಬೆನ್ನಿನ ಸ್ನಾಯುಗಳ ನಡುವೆ ಒಂದು ಬ್ಲಾಕ್ (ನೋವಿನ ನರಗಳನ್ನು ಮರಗಟ್ಟಿಸುವ ಸೂಜಿಮದ್ದು) ಕೊಟ್ಟರೆ ಎಚ್ಚರವಾದ ಮೇಲೆ ನೋವು ಕಡಿಮೆ ಎಂದು ಅರಿವಳಿಕೆ ವೈದ್ಯರು ಹೇಳಿದ್ದಾರೆ. ಅಕ್ಕ ಒಪ್ಪಿದ್ದಾಳೆ. ಅವಳ ಅತ್ತೆ ಮಾತ್ರ, ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಬದುಕಿರುವ ತನಕ ಸೊಂಟನೋವು ಎಂದು ಹಟ ಹಿಡಿದಿದ್ದಾರೆ. ಮಾಡಿಸಿಕೊಂಡವರು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮಗನಿಗೆ ಕಿಡ್ನಿ ಕೊಟ್ಟ ತಾಯಿ, ಶಿವಮೊಗ್ಗ: ಬ್ಲಾಕ್ ಕೊಡುವಾಗ ನನಗೆ ಎಚ್ಚರವೇ ಇರಲಿಲ್ಲ, ಸೂಜಿಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಪಕ್ಕೆಯ ಸಣ್ಣ ತೂತುಗಳು ಆ ದಿನವೆಲ್ಲ ಇವೆಯೋ ಇಲ್ಲವೋ ಎಂಬಂತಿದ್ದವು. ಆದರೆ ಕಿಡ್ನಿಯನ್ನು ಹೊರಗೆ ತೆಗೆಯುವುದು ಆ ತೂತುಗಳಿಂದಲ್ಲ ತಂಗಿ. ನನಗೆ ಕಿಬ್ಬೊಟ್ಟೆಯಲ್ಲಿ, ಸಿಜೇರಿಯನ್ನಿಗೆ ಕೊಯ್ಯುವ ಜಾಗದಲ್ಲೇ ಅಡ್ಡಕ್ಕೆ ಕೊಯ್ದಿದ್ದರು. ಆ ಗಾಯ ಹೊಟ್ಟೆಯ ನಡುಭಾಗ ದಾಟಿ ಬಲಕ್ಕೂ ಹೋಗಿತ್ತು. ಬ್ಲಾಕ್ ಕೊಟ್ಟದ್ದು ಎಡಗಡೆ ಮಾತ್ರ. ಹಾಗಾಗಿ ಒಂದೇ ಗಾಯದ ಎಡ ಅರ್ಧ ಸುಮ್ಮನಿತ್ತು, ಬಲ ಅರ್ಧ ಉರಿಯುತ್ತಿತ್ತು. ಮೊದಲೇ ಕೇಳಿಕೊಳ್ಳಿ: ಕಿಡ್ನಿ ಎಲ್ಲಿಂದ ಹೊರಗೆ ಬರುತ್ತದೆ, ಆ ಗಾಯವನ್ನು ಬ್ಲಾಕ್ ತಲುಪುತ್ತದೆಯೇ, ತಲುಪದಿದ್ದರೆ ಗಾಯದ ಅಂಚಿಗೇ ಮರಗಟ್ಟಿಸುವ ಔಷಧ ಹಾಕುತ್ತಾರೆಯೇ. ಇನ್ನು ಭುಜದ ನೋವು. ಹೊಟ್ಟೆ ಉಬ್ಬಿಸಲು ತುಂಬುವ ಇಂಗಾಲದ ಡೈಆಕ್ಸೈಡ್ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆಣಕಿ, ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಅದಕ್ಕೆ ಬ್ಲಾಕ್ ಏನೂ ಮಾಡಲಿಲ್ಲ. ಎದ್ದು ಓಡಾಡತೊಡಗಿದ ಮೇಲೆ ತಾನಾಗಿ ಹೋಯಿತು.

ಅರಿವಳಿಕೆ ವೈದ್ಯೆ, ಮಂಗಳೂರು: ಮೇಲಿನ ಅಮ್ಮ ಹೇಳಿದ ಅರ್ಧ ಗಾಯದ ಮಾತು ಖಂಡಿತ ಕೇಳಬೇಕಾದದ್ದು, ನಮ್ಮಲ್ಲೂ ಕೆಲವರು ಮರೆಯುತ್ತಾರೆ. ಸ್ಪೈನಲ್ ಅಥವಾ ಎಪಿಡ್ಯೂರಲ್‌ನಲ್ಲಿ ಸೂಜಿ ಬೆನ್ನುಮೂಳೆಯ ನಾಳದೊಳಗೆ ಹೋಗುತ್ತದೆ. ನಿಮ್ಮ ಅಕ್ಕನಿಗೆ ಹೇಳಿರುವುದು ಬಹುಶಃ ಬೆನ್ನಿನ ಸ್ನಾಯುಗಳ ಹೆಸರಿನ ಇರೆಕ್ಟರ್ ಸ್ಪೈನೆ ಅಥವಾ ಕ್ವಾಡ್ರೇಟಸ್ ಲಂಬೋರಮ್ ಬ್ಲಾಕ್. ಇವುಗಳಲ್ಲಿ ಸೂಜಿ ಆ ನಾಳದ ಹೊರಗೇ ನಿಲ್ಲುತ್ತದೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಸ್ನಾಯುಪದರಗಳ ನಡುವೆ ರೋಪಿವಕೇನ್ ಅಥವಾ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧ ಹರಡುತ್ತೇವೆ. ಸೊಂಟನೋವಿನ ಭಯಕ್ಕೆ ಇಷ್ಟು ಹೇಳಬಹುದು: ಹೆರಿಗೆಗೆ ಎಪಿಡ್ಯೂರಲ್ ಪಡೆದವರಲ್ಲೂ ವರ್ಷಗಟ್ಟಲೆ ಉಳಿಯುವ ಸೊಂಟನೋವು ಉಳಿದವರಿಗಿಂತ ಹೆಚ್ಚಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಇರೆಕ್ಟರ್ ಸ್ಪೈನೆ ಬ್ಲಾಕಿನ ಮೊದಲ ವರದಿ ಬಂದದ್ದು 2016ರಲ್ಲಿ, ಕ್ವಾಡ್ರೇಟಸ್ ಲಂಬೋರಮ್ ಬ್ಲಾಕಿನದು 2007ರಲ್ಲಿ. ಹೊಸದೆಂಬ ಕಾರಣಕ್ಕೆ ಅದೇ ಬೇಕೆನ್ನಬೇಡಿ. ಬ್ಲಾಕ್ ಇದ್ದರೆ ಮೊದಲ ದಿನ ಮಾರ್ಫಿನ್ ಜಾತಿಯ ಔಷಧ ಸಾಮಾನ್ಯವಾಗಿ ಕಡಿಮೆ ಸಾಕಾಗುತ್ತದೆ. ಎರಡರಲ್ಲಿ ಯಾವುದು ಮೇಲು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನಾದರೆ ಕೊಡುವವರ ಕೈ ಯಾವುದರಲ್ಲಿ ಪಳಗಿದೆಯೋ ಅದಕ್ಕೇ ಒಪ್ಪುತ್ತೇನೆ.

ಕಿಡ್ನಿಯ ವಿಷಯದಲ್ಲಿ ಇದರ ಬೆಲೆ ಹೆಚ್ಚು. ಬೇರೆ ಶಸ್ತ್ರಚಿಕಿತ್ಸೆಗಳಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಔಷಧಗಳನ್ನು ಧಾರಾಳವಾಗಿ ಬರೆಯುತ್ತೇವೆ. ಅವು ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ಕುಗ್ಗಿಸಬಲ್ಲವು. ಒಂದೇ ಕಿಡ್ನಿ ಉಳಿದ ಅಕ್ಕನಿಗೆ ಅಳೆದು ಸುರಿದು ಕೊಡಬೇಕು, ಕಸಿ ಮಾಡಿಸಿಕೊಂಡ ತಮ್ಮನಿಗೆ ಬೇಡವೇ ಬೇಡ. ಮಾರ್ಫಿನ್ ಒಡೆದ ಮೇಲೆ ಉಳಿಯುವ ಅಂಶವೂ ಕಿಡ್ನಿಯಿಂದಲೇ ಹೊರಹೋಗಬೇಕು. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲೇ ಸೇರಿಕೊಂಡು ಮಂಪರು ಹೆಚ್ಚುತ್ತದೆ, ಉಸಿರಾಟ ನಿಧಾನವಾಗುತ್ತದೆ. ಎಲ್ಲರೂ ಅಕ್ಕನ ನೋವಿನ ಬಗ್ಗೆಯೇ ಕೇಳುತ್ತಿದ್ದೀರಿ, ತಮ್ಮನಿಗೂ ಬ್ಲಾಕ್ ಕೊಡುತ್ತಾರೆಯೇ ಎಂದು ವಿಚಾರಿಸಿ. ಅವನ ಗಾಯ ಕೆಳಹೊಟ್ಟೆಯ ಒಂದು ಪಕ್ಕದಲ್ಲಿರುತ್ತದೆ, ಅದಕ್ಕೆ ಹೊಟ್ಟೆಯ ಗೋಡೆಗೇ ಕೊಡುವ ಟ್ಯಾಪ್ ಬ್ಲಾಕ್ ಇದೆ.

ತಂದೆಯ ಕಿಡ್ನಿಯ ಗಡ್ಡೆ ತೆಗೆಸಿದವನು, ಧಾರವಾಡ: ಹೊಗಳಿಕೆಯ ನಡುವೆ ಇದೂ ಇರಲಿ. ನಮ್ಮ ತಂದೆಯವರಿಗೆ ಬ್ಲಾಕ್ ಹಿಡಿಯಲೇ ಇಲ್ಲ. ಪಕ್ಕೆಯನ್ನು ಉದ್ದಕ್ಕೆ ಕೊಯ್ದು ಮಾಡಿದ ದೊಡ್ಡ ಶಸ್ತ್ರಚಿಕಿತ್ಸೆ. ಎಚ್ಚರವಾಗುತ್ತಲೇ ಹಲ್ಲು ಕಚ್ಚಿ ಮಲಗಿದ್ದರು. "ಬ್ಲಾಕ್ ಕೊಟ್ಟಿದ್ದಾರಲ್ಲ, ನೋವು ಇರಬಾರದು" ಎಂದು ವಾರ್ಡಿನಲ್ಲಿ ನಮ್ಮ ಜೊತೆಗೇ ವಾದಿಸಿದರು. ನರಳುವವರ ಮುಂದೆ ನಿಂತು ನಿಮಗೆ ನೋವಿಲ್ಲ ಎನ್ನುವುದು ಯಾವ ನ್ಯಾಯವೋ! ಕೊನೆಗೆ ಗುಂಡಿ ಒತ್ತಿದರೆ ಮಾರ್ಫಿನ್ ಜಾತಿಯ ಫೆಂಟನಿಲ್ ಬರುವ ಪಂಪ್ ಹಾಕಿದ ಮೇಲೆ ನಿದ್ದೆ ಮಾಡಿದರು. ಬ್ಲಾಕ್ ಕೈಕೊಟ್ಟರೆ ಮುಂದೇನು, ರಾತ್ರಿ ಯಾರನ್ನು ಕರೆಯಬೇಕು ಎಂಬುದನ್ನು ಮುಂಚಿತವಾಗಿಯೇ ತಿಳಿದುಕೊಳ್ಳಿ.

ವಾರ್ಡಿನ ನರ್ಸ್, ಹುಬ್ಬಳ್ಳಿ: ಅಣ್ಣನವರ ಸಿಟ್ಟು ಸರಿಯಾಗಿದೆ. ನಾವು ದಿನಾ ನೋಡುವ ಇನ್ನೊಂದು ತೊಂದರೆಯೆಂದರೆ, ಚೆನ್ನಾಗಿ ಹಿಡಿದ ಬ್ಲಾಕ್ ಇಳಿಯುವ ಹೊತ್ತು. ಒಂದೇ ಸಲ ಕೊಟ್ಟ ಔಷಧ ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾದವರಿಗೆ ಅದು ಇಳಿಯುವುದು ಬಹುಪಾಲು ನಡುರಾತ್ರಿಯಲ್ಲಿ. "ಈಗ ನೋವೇ ಇಲ್ಲ, ಮಾತ್ರೆ ಯಾಕೆ?" ಎಂದು ಸಂಜೆ ಪ್ಯಾರಾಸಿಟಮಾಲ್ ಬೇಡವೆನ್ನುವವರೇ ಎರಡು ಗಂಟೆಗೆ ಬೆಲ್ ಒತ್ತುತ್ತಾರೆ. ನೋವಿಗಾಗಿ ಕಾಯದೆ ಗಡಿಯಾರ ನೋಡಿ ಮಾತ್ರೆ ತೆಗೆದುಕೊಳ್ಳಬೇಕು. ಕ್ವಾಡ್ರೇಟಸ್ ಬ್ಲಾಕ್ ಆಗಿದ್ದರೆ ತೊಡೆಯ ಬಲ ಸ್ವಲ್ಪ ಹೊತ್ತು ಕುಂದಿರಬಹುದು, ಮೊದಲ ಸಲ ಮಂಚದಿಂದ ಇಳಿಯುವಾಗ ನಮ್ಮನ್ನು ಕರೆಯಿರಿ. ಎಚ್ಚರವಾದ ಮೇಲೆ ತುಟಿ ಜುಮ್ಮೆಂದರೆ, ಕಿವಿ ಗುಂಯ್ಗುಟ್ಟಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ ಔಷಧ ರಕ್ತದಲ್ಲಿ ಹೆಚ್ಚಾಗಿರುವ ಸೂಚನೆ ಇರಬಹುದು. ಅಪರೂಪ, ಆದರೆ ತಕ್ಷಣ ಹೇಳಬೇಕು.

ಕಲ್ಲು ತೆಗೆಸಿಕೊಂಡವನು, ರಾಯಚೂರು: ನನ್ನದು ಬೆನ್ನಿನ ಮೂಲಕ ತೂತು ಮಾಡಿ ಕಲ್ಲು ಒಡೆದದ್ದು. ಬೆನ್ನಿನ ತೂತಿನಲ್ಲಿ ಬಿಟ್ಟ ಟ್ಯೂಬಿನ ನೋವು ಬ್ಲಾಕಿಗೆ ಬಗ್ಗಿತು, ಮೂತ್ರನಾಳದೊಳಗಿಟ್ಟ ಸಣ್ಣ ಕೊಳವೆಯ, ಅಂದರೆ ಸ್ಟೆಂಟಿನ, ಕಿರಿಕಿರಿ ಬಗ್ಗಲಿಲ್ಲ. ಮೂತ್ರಕ್ಕೆ ಹೋದಾಗಲೆಲ್ಲ ಪಕ್ಕೆ ಹಿಡಿಯುತ್ತಿತ್ತು. ಖರ್ಚಿನ ಬಗ್ಗೆ ಯಾರೂ ಬರೆದಿಲ್ಲ: ಬ್ಲಾಕ್ ಪ್ಯಾಕೇಜಿನೊಳಗೆ ಸೇರಿದೆಯೇ ಕೇಳಿ, ಔಷಧ ಹರಿಯುತ್ತಲೇ ಇರಲೆಂದು ಸಣ್ಣ ಕೊಳವೆ (ಕ್ಯಾತಿಟರ್) ಬಿಡುವುದಾದರೆ ಅದರ ಹಣ ಬೇರೆಯೇ ಎಂದೂ ಕೇಳಿ. ನನಗೆ ಬಿಲ್ಲು ಬಂದಾಗಲೇ ಗೊತ್ತಾದದ್ದು.